ರೇಸು ನಿಲ್ಲದ ಟ್ರ್ಯಾಕ್ಟರು

ಚಿಕ್ಕಪ್ಪನ ಹಳೇ ಟ್ರ್ಯಾಕ್ಟರಿಗೆ ರೇಸು ನಿಲ್ಲುತ್ತಿಲ್ಲವೆಂಬ ಸುದ್ದಿ ಹಬ್ಬಿದ್ದೇ ತಡ, ಜಗಲಿ ಮುಂದೆ ತಜ್ಞರ ಜಾತ್ರೆ ನೆರೆಯಿತು. ಆಕ್ಸಿಲೇಟರು ಮುಟ್ಟದಿದ್ದರೂ ಇಂಜಿನ್ನು ಊಂ ಎಂದು ಏರುತ್ತಿತ್ತು, ಪ್ರಾಣ ಬಿಡುವಷ್ಟು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಸರಳೆ ವರಸೆ ಕಲಿಯುವ ಹೊಸ ಶಿಷ್ಯರೂ ಅಷ್ಟು ಕ್ರಮವಾಗಿ ಹಾಡಲಾರರು.

“ಪಂಪೇ ಹೊಂಟೋಗದೆ ಕಣಣ್ಣ, ಹೊಸದು ಹಾಕ್ಸು,” ಅಂದವನ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ಇನ್ನೊಬ್ಬ ನಾಝಲ್ ಅಂದ, ಮತ್ತೊಬ್ಬ ಇಂಜಿನ್ನನ್ನೇ ಬಿಚ್ಚಿಸು ಅಂದ. ಖರ್ಚು ಬೇರೆಯವರದಾದರೆ ರೋಗ ಯಾವಾಗಲೂ ದೊಡ್ಡದೇ.

ಡೀಸೆಲ್ ಇಂಜಿನ್ನಿನಲ್ಲಿ ಆಕ್ಸಿಲೇಟರು ಒತ್ತುವುದೆಂದರೆ ಪಂಪಿನೊಳಗಿನ ಗವರ್ನರಿನ ಸ್ಪ್ರಿಂಗು ಒತ್ತುವುದು, ಅಷ್ಟೇ. ಇಂಜಿನ್ನು ಜೋರಾದರೆ ಒಳಗೆ ಗಿರಗಿರ ತಿರುಗುವ ತೂಕಗಳು ಹೊರಕ್ಕೆ ಚಾಚಿ ಡೀಸೆಲ್ಲು ಕಡಿಮೆ ಮಾಡುತ್ತವೆ. ನೇಗಿಲು ಗಟ್ಟಿಮಣ್ಣಿಗೆ ಕಚ್ಚಿ ವೇಗ ಕುಗ್ಗಿದರೆ ತೂಕಗಳು ಒಳಗೆ ಸರಿದು ಸ್ಪ್ರಿಂಗಿನ ಕೈ ಮೇಲಾಗುತ್ತದೆ, ಡೀಸೆಲ್ಲು ಹೆಚ್ಚುತ್ತದೆ. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಕಟ್ಟಿದ ಎರಡು ಗುಂಡುಗಳದ್ದೂ ಇದೇ ಉಪಾಯ. ವೇಗ ಯಾವಾಗ ಹದಕ್ಕೆ ಬರುತ್ತದೆ, ಯಾವಾಗ ಹೀಗೆ ಏರಿಳಿಯುತ್ತಲೇ ಇರುತ್ತದೆ ಎಂಬುದನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ. ಅವನಿಗೆ ಸಮೀಕರಣ ಬೇಕಾಯಿತು, ನಮ್ಮ ಜಗಲಿಗೆ ಬೀಡಿ ಸಾಕು.

ಮೊದಲು ಬಂದ ಹುಡುಗ ಮೆಕ್ಯಾನಿಕ್ಕು ಪಂಪಿನ ತಿರುಪಿಗಿದ್ದ ಸೀಸದ ಸೀಲು ಕತ್ತರಿಸಿದ. ಆ ಸೀಲು ಇರುವುದೇ ಅವನಂಥವರಿಂದ ಪಂಪು ಕಾಪಾಡಲಿಕ್ಕೆ. ತಿರುಪು ತಿರುಗಿಸಿದ್ದಕ್ಕೆ ರೇಸು ಏರಿತು, ಅದರೊಟ್ಟಿಗೆ ಕಾಯಿಲೆಯೂ ಏರಿತು. ಹಿರಿಯರೊಬ್ಬರು ಒದ್ದೆ ಗೋಣಿಚೀಲ ಹಿಡಿದು ಪಕ್ಕದಲ್ಲೇ ನಿಂತರು. ಅವರ ಭಯ ಸುಳ್ಳಲ್ಲ. ಡೀಸೆಲ್ಲಳೆಯುವ ರ‍್ಯಾಕು ಒಳಗೇ ಸಿಕ್ಕಿಕೊಂಡರೆ ಸ್ಟಾಪ್ ವೈರು ಎಳೆದರೂ ಇಂಜಿನ್ನು ಕೇಳದು, ಗಾಳಿ ಎಳೆಯುವ ಬಾಯನ್ನೇ ಮುಚ್ಚಬೇಕಾಗುತ್ತದೆ.

ಕೊನೆಗೆ ಮಂಡ್ಯದಿಂದ ವಯಸ್ಸಾದ ಪಂಪ್ ಮೇಸ್ತ್ರಿ ಬಂದರು. ಸ್ಪ್ಯಾನರು ಚೀಲದಿಂದ ಹೊರಗೇ ಬರಲಿಲ್ಲ. ಕಾಫಿ ಕುಡಿಯುತ್ತ ಸದ್ದು ಕೇಳಿದರು.

“ಡೀಸೆಲ್ ಫಿಲ್ಟರ್ ಯಾವಾಗ್ ಬದಲಾಯ್ಸಿದ್ದು ಗೌಡ್ರೆ?”

“ದೊಡ್ಡವ್ಳ ಮದ್ವೆಗೆ ಮುಂಚೆ.”

ದೊಡ್ಡವಳ ಮಗ ಆಗಲೇ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಹಾರನ್ನು ಒತ್ತುತ್ತಿದ್ದ.

ಮೇಸ್ತ್ರಿ ಎದ್ದು ಹೋಗಿ ಡೀಸೆಲ್ ಟ್ಯಾಂಕಿನ ಬಾಯಿ ನೋಡಿದರು. ಮುಚ್ಚಳ ಎಂದೋ ಕಳೆದಿತ್ತು. ಕಸ ಬೀಳದಿರಲೆಂದು ಚಿಕ್ಕಪ್ಪ ಎರಡೆರಡು ಪ್ಲಾಸ್ಟಿಕ್ ಕವರು ಮುಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ಪಟ್ಟಿ ಬಿಚ್ಚಿದೊಡನೆ ಟ್ಯಾಂಕು ಬುಸ್ಸೆಂದು ಉಸಿರೆಳೆದುಕೊಂಡಿತು. ಮೂಲ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ, ಡೀಸೆಲ್ಲು ಖಾಲಿಯಾದಂತೆ ಗಾಳಿ ಒಳಬರಲೆಂದು. ಇಲ್ಲಿ ಗಾಳಿಗೆ ದಾರಿಯೇ ಇರಲಿಲ್ಲ. ಡೀಸೆಲ್ಲು ಸಾಲದೆ ಪೈಪಿನ ಸಡಿಲ ಜಾಯಿಂಟಿನಿಂದ ಗಾಳಿ ನುಗ್ಗಿ ಪಂಪಿಗೆ ಏರ್ ಹಿಡಿದಿತ್ತು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋದಂತೆ ನಟಿಸುತ್ತಿದ್ದುದೂ ಇದಕ್ಕೇ.

ಆಮೇಲಿನ ಕೆಲಸ ಸಲೀಸು. ಹೊಸ ಫಿಲ್ಟರು ಬಂತು, ಜಾಯಿಂಟಿಗೆ ವಾಷರು ಬಿತ್ತು. ಏರ್ ತೆಗೆಯುವ ತಿರುಪು ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ಲು ಬರುವ ತನಕ ಕೈಪಂಪು ಒತ್ತಿದರು. ಆಕ್ಸಿಲೇಟರ್ ರಾಡಿನ ಸವೆದ ಕೀಲಿಗೆ ಹೊಸ ಪಿನ್ನು ಹಾಕಿದರು. ಹುಡುಗ ತಿರುಗಿಸಿದ್ದ ತಿರುಪನ್ನು ಮಾತ್ರ ಮುಟ್ಟಲಿಲ್ಲ. ಪಂಪು ಮಂಡ್ಯಕ್ಕೆ ತಂದರೆ ಮಿಷಿನ್ನಿಗೆ ಏರಿಸಿ ಅಳತೆ ನೋಡಿಯೇ ಕೂರಿಸುತ್ತೇನೆ ಅಂದರು.

ಇಂಜಿನ್ನು ಒಂದೇ ದನಿಯಲ್ಲಿ ನಿಂತಿತು. ಚಿಕ್ಕಪ್ಪನ ಮುಖ ಮಾತ್ರ ಬಾಡಿತು. ಹೊಸ ಪಂಪಿಗೆಂದು ಸೊಸೈಟಿ ಸಾಲಕ್ಕೆ ಜಾಮೀನುದಾರರನ್ನೂ ಗೊತ್ತುಮಾಡಿದ್ದರು, ಊರ ತುಂಬ ಹೇಳಿಕೊಂಡೂ ಆಗಿತ್ತು. ಈಗ ಪ್ಲಾಸ್ಟಿಕ್ ಕವರಿನ ಕತೆ ಹೇಳುವುದು ಹೇಗೆ?

ಸೈಕಲ್ಲೂ ಇಲ್ಲದ ತಜ್ಞ ಮಾತ್ರ ಸೋಲೊಪ್ಪಲಿಲ್ಲ. ಬೀಡಿ ಆರಿಸಿ ಎದ್ದು ಹೊರಡುವಾಗ ಅಂದ: “ಈಗ ಓಡ್ತಾ ಅದೆ, ಓಡ್ಲಿ ಬುಡಿ. ಪಂಪು ಹೋಗಿರೋದು ಹೋಗಿರೋದೆಯಾ.”