ಪರ್ಸೆಂಟ್ ರಾಯರು

ರಾಯರನ್ನು ‘ಈಗ ಏನು ಓದ್ತಿದ್ದೀರಿ?’ ಎಂದು ಕೇಳಿದರೆ ಪುಸ್ತಕದ ಹೆಸರು ಹೇಳುವುದಿಲ್ಲ. ‘ನಲವತ್ತೆರಡು ಪರ್ಸೆಂಟ್ ಆಗಿದೆ’ ಅನ್ನುತ್ತಾರೆ. ಬ್ಯಾಂಕಿನಲ್ಲಿ ಸಾಲ ವಸೂಲಿ ನೋಡಿಕೊಂಡು ನಿವೃತ್ತರಾದವರು. ಕಾದಂಬರಿಯನ್ನೂ ಅದೇ ಶ್ರದ್ಧೆಯಿಂದ ವಸೂಲು ಮಾಡುತ್ತಾರೆ. ಕಥಾನಾಯಕಿ ಇನ್ನೂ ಬದುಕಿದ್ದಾಳೋ ಇಲ್ಲವೋ ಎಂದು ಕೇಳಿ ನೋಡಿ. ‘ಐವತ್ತೆಂಟು ಬಾಕಿ ಇದೆಯಲ್ಲ, ಏನು ಬೇಕಾದರೂ ಆಗಬಹುದು’ ಎಂಬ ಉತ್ತರ ಬರುತ್ತದೆ.

ಇದಕ್ಕೆಲ್ಲ ಕಾರಣ, ಮಗ ನ್ಯೂಜೆರ್ಸಿಯಿಂದ ಬರುವಾಗ ತಂದುಕೊಟ್ಟ ಕಿಂಡಲ್ ಎಂಬ ಇ-ಪುಸ್ತಕದ ಯಂತ್ರ. ಅದಕ್ಕೆ ಮೊದಲು ರಾಯರು ನಿಮ್ಮ ನಮ್ಮ ಹಾಗೆ ಸಾಧಾರಣ ಓದುಗರು. ಬೆಳಿಗ್ಗೆ ಕಾಫಿಯ ಜೊತೆ ಪೇಪರು, ಮಧ್ಯಾಹ್ನ ಊಟವಾದ ಮೇಲೆ ಎದೆಯ ಮೇಲೊಂದು ಪುಸ್ತಕ, ಎರಡು ಪುಟಕ್ಕೆ ಗೊರಕೆ. ಯಂತ್ರ ಬಂದ ಮರುದಿನದಿಂದ ಓದುಗ ಮರೆಯಾಗಿ ವಕೀಲ ಎದ್ದು ನಿಂತ.

ಇಂಥವರು ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಒಂದು ಕಾಲಕ್ಕೆ ಇಂಡಕ್ಷನ್ ಒಲೆಯ ಪರ ವಾದಿಸಿದವರು ಇವರೇ. ಆಮೇಲೆ ಸಿರಿಧಾನ್ಯದ ಪರ, ಅದಾದ ಮೇಲೆ ತಾಮ್ರದ ಚೊಂಬಿನ ನೀರಿನ ಪರ. ಈಗ ಇ-ಪುಸ್ತಕದ ಸರದಿ. ವಸ್ತುವನ್ನು ಬಳಸುವುದಕ್ಕಿಂತ ಅದನ್ನು ಇನ್ನೊಂದರ ಜೊತೆ ಹೋಲಿಸುವುದರಲ್ಲಿ ಇವರಿಗೆ ಸುಖ ಹೆಚ್ಚು. ಎದುರು ಪಕ್ಷವೇ ಇಲ್ಲದಿದ್ದರೆ ವಸ್ತುವೂ ರುಚಿಸುವುದಿಲ್ಲ.

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಎಲ್ಲರೂ ನೆರಳಿನ ಬೆಂಚು ಹುಡುಕಿದರೆ ರಾಯರು ಬಿಸಿಲಿನ ಬೆಂಚು ಹುಡುಕುತ್ತಾರೆ. ಯಾರಾದರೂ ಮೊಬೈಲು ಹೊರತೆಗೆದರೆ ಸಾಕು, ‘ಎಲ್ಲಿ, ನಿಮ್ಮದನ್ನೂ ಬಿಸಿಲಿಗೆ ಹಿಡೀರಿ’ ಎಂದು ಶುರು. ಹಿಡಿದವನಿಗೆ ಮೊಬೈಲಿನಲ್ಲಿ ತನ್ನದೇ ಬೆವರಿದ ಮುಖ ಕಾಣುತ್ತದೆ. ರಾಯರ ಯಂತ್ರದಲ್ಲಿ ಅಕ್ಷರಗಳು ಕಪ್ಪಗೆ, ಅಚ್ಚಾದಷ್ಟು ಸ್ಪಷ್ಟವಾಗಿ ಕೂತಿರುತ್ತವೆ. ‘ಇದು ಲೈಟಲ್ಲ ಕಣ್ರೀ, ಶಾಯಿ!’ ಎಂದು ಗೆದ್ದ ಧ್ವನಿಯಲ್ಲಿ ಹೇಳಿ ಪಾಠಕ್ಕೆ ಇಳಿಯುತ್ತಾರೆ. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಪ್ರತಿ ಗುಳ್ಳೆಯಲ್ಲೂ ಬಿಳಿ ಕಣ, ಕಪ್ಪು ಕಣ. ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ. ಕರೆಂಟು ಯಾವುದನ್ನು ಮೇಲಕ್ಕೆ ಎಳೆಯುತ್ತದೋ ಆ ಬಣ್ಣ ಕಾಣುತ್ತದೆ. ಪುಟ ಒಮ್ಮೆ ಮೂಡಿದ ಮೇಲೆ ಅದನ್ನು ನಿಲ್ಲಿಸಿಕೊಳ್ಳಲು ಕರೆಂಟೇ ಬೇಡ, ತಿರುಗಿಸುವಾಗ ಮಾತ್ರ ಬೇಕು. ಅದಕ್ಕೇ ಒಂದು ಸಲ ಚಾರ್ಜು ಮಾಡಿದರೆ ವಾರಗಟ್ಟಲೆ ಬರುವುದು.

‘ಯಾರು ಕಂಡುಹಿಡಿದಿದ್ದು?’

‘ಎಂಐಟಿಯವರು.’

‘ಹೌದಾ! ಮಣಿಪಾಲದವರು ಬಿಡಿ, ಬುದ್ಧಿವಂತರು.’

ರಾಯರಿಗೆ ಆ ದಿನದ ವಾಕಿಂಗೇ ಕಹಿಯಾಯಿತು. ‘ಅಮೆರಿಕದ ಎಂಐಟಿ ರೀ! 1997ರಲ್ಲೇ ಇದಕ್ಕೆ ಕಂಪನಿ ಕಟ್ಟಿದರು. 2007ರಲ್ಲಿ ಮೊದಲ ಕಿಂಡಲ್ ಬಂದಾಗ 399 ಡಾಲರು. ಐದೂವರೆ ಗಂಟೆಯೊಳಗೆ ಅಷ್ಟೂ ಖಾಲಿ!’ ಇದನ್ನು ಅವರು ಆ ಸರತಿಯಲ್ಲಿ ಖುದ್ದು ನಿಂತು ಕೊನೆಗೆ ಬರಿಗೈಲಿ ಬಂದವರಂತೆ ಹೇಳುತ್ತಾರೆ. 2007ರಲ್ಲಿ ಅವರು ಯಾವುದೋ ಶಾಖೆಯಲ್ಲಿ ಟ್ರ್ಯಾಕ್ಟರ್ ಸಾಲದ ಕಡತದಲ್ಲಿ ಮುಳುಗಿದ್ದರು.

ತೂಕದ ವಿಷಯಕ್ಕೆ ಬಂದರೆ ರಾಯರು ಬರಿ ಮಾತಿಗೆ ನಿಲ್ಲುವವರಲ್ಲ. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವಾಕೆಯ ಮುಂದೆ ಚೀಲ ಬಿಚ್ಚಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆಗೆದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೇಬಿಟ್ಟರು. ಅಂಕಿ ಸರಸರ ಏರಿತು. ಅದನ್ನಿಳಿಸಿ ಯಂತ್ರ ಇಟ್ಟರು. 200 ಗ್ರಾಮಿನ ಹತ್ತಿರ ಹೋಗಿ ನಿಂತಿತು.

‘ನೋಡಿದ್ಯೇನಮ್ಮಾ? ಕಾಲು ಕೆ.ಜಿ.ನೂ ಇಲ್ಲ. ಒಳಗೆ ಸಾವಿರಾರು ಪುಸ್ತಕ ಹಿಡಿಸುತ್ತೆ.’

‘ಸಾವಿರ ಪುಸ್ತಕ ತುಂಬಿದ್ಮೇಲೂ ಇಷ್ಟೇನಾ ಸಾಮಿ?’

‘ಇಷ್ಟೇ!’

‘ಹಂಗಾದ್ರೆ ಒಳಗೆ ಏನೂ ಇಲ್ಲ ಬುಡಿ. ಕೊತ್ತಂಬರಿ ಎಷ್ಟು ಕಟ್ಟು ಕೊಡ್ಲಿ?’

ನಗಬಹುದು. ಆದರೆ ತೂಕದ ಮಾತಿನಲ್ಲಿ ನಾನು ರಾಯರ ಪಕ್ಷವೇ. ಮಲಗಿಕೊಂಡು ದಪ್ಪ ಕಾದಂಬರಿ ಓದುವ ಅಭ್ಯಾಸವಿದ್ದವರಿಗೆ, ನಿದ್ದೆ ಹತ್ತಿದ ಕ್ಷಣ ಅದು ಮೂಗಿನ ಮೇಲೆ ಬೀಳುವ ಸುಖ ಗೊತ್ತಿರುತ್ತದೆ. ಅರವತ್ತು ದಾಟಿದ ಮಣಿಕಟ್ಟಿಗೆ, ಪೊರೆ ಬಂದ ಕಣ್ಣಿಗೆ, ಹಗುರವಾದ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಾದ ಪುಸ್ತಕ ಸಣ್ಣ ಉಪಕಾರವಲ್ಲ. ನಮ್ಮ ಪ್ರಕಾಶಕರು ಕಾಗದ ಉಳಿಸಲು ಅಕ್ಷರ ಕುಗ್ಗಿಸುವುದನ್ನು ನೋಡಿದರೆ, ಹಿರಿಯ ಓದುಗರ ಮೇಲೆ ಅವರಿಗೇನೋ ಹಳೆಯ ದ್ವೇಷ ಇರಬೇಕು ಅನಿಸುತ್ತದೆ.

ಅದೇ ಪಾರ್ಕಿನಲ್ಲಿ ಕಾಗದದ ಪಕ್ಷಕ್ಕೂ ಒಬ್ಬ ನಾಯಕರಿದ್ದಾರೆ, ನಿವೃತ್ತ ಕನ್ನಡ ಮೇಷ್ಟ್ರು. ಅವರ ವಾದವೆಲ್ಲ ಮೂಗಿನದು. ‘ಪುಸ್ತಕದ ಪರಿಮಳ ನಿಮ್ಮ ಡಬ್ಬಿಯಲ್ಲಿ ಬರುತ್ತಾ ರಾಯರೇ?’ ಹಳೆ ಪುಸ್ತಕದ ಪರಿಮಳ ಅಂದರೆ ಕಾಗದದಲ್ಲಿರುವ ಲಿಗ್ನಿನ್ ನಿಧಾನವಾಗಿ ಕೆಟ್ಟು ಹೊರಡಿಸುವ ವಾಸನೆ. ನಮ್ಮ ಮನೆಗಳಲ್ಲಂತೂ ಅದರಲ್ಲಿ ಅರ್ಧ ನುಸಿಗುಳಿಗೆಯದು. ಅದನ್ನು ಮೇಷ್ಟ್ರ ಮುಂದೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಮೇಷ್ಟ್ರು ಬರೀ ಪರಿಮಳ ನಂಬಿ ಕೂತವರೂ ಅಲ್ಲ. ಅವರ ಬತ್ತಳಿಕೆಯಲ್ಲಿ 2009ರ ಬಾಣ ಇದೆ. ಆ ಜುಲೈನಲ್ಲಿ ಕಿಂಡಲ್ ಮಾರುವ ಅಮೆಜಾನ್‌ನವರು ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕಾದಂಬರಿಗಳನ್ನು ಕೊಂಡವರ ಕಿಂಡಲ್‌ಗಳಿಂದ ಕೂತಲ್ಲಿಂದಲೇ ಅಳಿಸಿಹಾಕಿದ್ದರು. ಮಾರಿದವರಿಗೆ ಆ ಪುಸ್ತಕಗಳ ಹಕ್ಕೇ ಇರಲಿಲ್ಲವಂತೆ. ದುಡ್ಡು ವಾಪಸು ಕೊಟ್ಟರು, ಆಮೇಲೆ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಸರ್ವಾಧಿಕಾರದ ವಿರುದ್ಧ ಬರೆದ ಪುಸ್ತಕವೇ ಹೀಗೆ ರಾತ್ರೋರಾತ್ರಿ ಕಾಣೆಯಾದದ್ದನ್ನು ಮೇಷ್ಟ್ರು ಪ್ರತಿ ಬಾರಿಯೂ ಹೊಸದಾಗಿ ಸವಿಯುತ್ತಾರೆ.

‘ಹೇಳಿ ರಾಯರೇ, ಅಂಗಡಿಯವನು ನಡುರಾತ್ರಿ ಮನೆಗೆ ನುಗ್ಗಿ ಬೀರುವಿನಿಂದ ಪುಸ್ತಕ ಎತ್ತಿಕೊಂಡು ಹೋದರೆ ಸುಮ್ಮನಿರ್ತೀರಾ?’

ರಾಯರು ಯಂತ್ರದ ಮುಚ್ಚಳ ಮುಚ್ಚಿದರು. ‘ಅವನು ದುಡ್ಡಾದರೂ ಕೊಟ್ಟ ಮೇಷ್ಟ್ರೇ. ನಮ್ಮ ಹುಡುಗಿ ಮದುವೆ ವರ್ಷ ನೀವು ನಮ್ಮ ಬೀರುವಿನಿಂದ ಎತ್ತಿಕೊಂಡು ಹೋದ “ಪರ್ವ” ಎಲ್ಲಿದೆ?’

ಆ ಹುಡುಗಿಯ ಮಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೇಷ್ಟ್ರು ಅಂದು ಬೇಗ ಮನೆಗೆ ಹೋದರು.

ರಾಯರ ಈ ಪೆಟ್ಟು ಚೆನ್ನಾಗಿಯೇ ಬಿತ್ತು. ಆದರೂ ಅದೇ ಪೆಟ್ಟು ತಿರುಗಿ ಅವರಿಗೂ ತಗಲುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಬೀರುವಿನಿಂದ ಒಯ್ದು ಕೊಡದೇ ಇರಲಿಕ್ಕಾದರೂ ಪುಸ್ತಕ ಕಾಗದದ್ದಾಗಿರಬೇಕು. ಯಂತ್ರದೊಳಗಿನದನ್ನು ಮೇಷ್ಟ್ರಂಥ ಮೇಷ್ಟ್ರೂ ಕದಿಯಲಾರರು. ಮುಯ್ಯಿಗೆ, ಗೃಹಪ್ರವೇಶಕ್ಕೆ ಅದನ್ನು ಕೊಡುವುದು ಹೇಗೆ? 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಾರ, ಶಾಲು ಬೇಡ, ಕೊಡಲೇಬೇಕಿದ್ದರೆ ಪುಸ್ತಕ ಕೊಡಿ ಎಂದರಲ್ಲ, ಇ-ಪುಸ್ತಕವನ್ನು ಯಾವ ತಟ್ಟೆಯಲ್ಲಿಟ್ಟು ಕೊಡುವುದು, ಫೋಟೋಗೆ ಹೇಗೆ ಹಿಡಿಯುವುದು?

ವಾಡಿಯಾ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಎಂದರೆ ರಾಯರು ಮೊದಲ ಸಾಲಿನಲ್ಲೇ ಕೂರುತ್ತಾರೆ. ಉಪ್ಪಿಟ್ಟು ಕಾಫಿ ಮುಗಿಸಿ, ಹೊರಗೆ ಪುಸ್ತಕ ಜೋಡಿಸಿಟ್ಟ ಮೇಜಿನ ಮುಂದೆ ನಿಂತು, ಲೇಖಕನ ಕೈ ಕುಲುಕಿ, ‘ತುಂಬಾ ಸಂತೋಷ. ಇ-ಬುಕ್ ಯಾವಾಗ ಬರುತ್ತೆ?’ ಎನ್ನುತ್ತಾರೆ. ಸಾವಿರ ಪ್ರತಿ ಅಚ್ಚು ಹಾಕಿಸಿ, ಅದರಲ್ಲಿ ಅರ್ಧ ಮಂಚದ ಕೆಳಗೆ ಇಟ್ಟುಕೊಂಡ ಲೇಖಕನಿಗೆ ಆ ಗಳಿಗೆಯಲ್ಲಿ ಏನನಿಸುತ್ತದೋ ಆ ದೇವರೇ ಬಲ್ಲ. ಒಬ್ಬ ಕವಿಯಿಂದ ಯಂತ್ರದ ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹಸ್ತಾಕ್ಷರ ಹಾಕಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಕವಿ ‘ಪ್ರೀತಿಯಿಂದ’ ಎಂದು ಬರೆದ. ಆ ಕವಿಯ ಒಂದು ಸಾಲೂ ಆ ಯಂತ್ರದಲ್ಲಿ ಇರಲಿಲ್ಲ.

ಇರಲಿಲ್ಲ ಎಂದೆನಲ್ಲ, ರಾಯರ ನೋವು ಇರುವುದೇ ಅಲ್ಲಿ. ಪಾರ್ಕಿಗೆ ಆಟವಾಡಲು ಬಂದಿದ್ದ ಒಂದು ಹುಡುಗಿ, ಬಿಸಿಲಿನ ಪ್ರದರ್ಶನವನ್ನೆಲ್ಲ ಕಣ್ಣರಳಿಸಿ ನೋಡಿ, ‘ತಾತಾ, ಇದರಲ್ಲಿ ಕನ್ನಡ ಪುಸ್ತಕ ಇದೆಯಾ?’ ಎಂದಳು. ರಾಯರು ಟೋಪಿ ಸರಿಮಾಡಿಕೊಂಡರು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತೀಯ ಭಾಷೆಗಳ ಇ-ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದರಲ್ಲಿ ಕನ್ನಡ ಇರಲಿಲ್ಲ. ಮೇಲೆ ಮರಾಠಿ, ಬಲಕ್ಕೆ ತಮಿಳು, ಕೆಳಗೆ ಮಲಯಾಳಂ; ಬಸ್ಸು ನಮ್ಮೂರಿನ ಸುತ್ತ ಮೂರು ಕಡೆ ನಿಂತು ನಮ್ಮ ಸ್ಟಾಪಿನಲ್ಲಿ ನಿಲ್ಲಲಿಲ್ಲ. ಈ ಒಂದು ಪ್ರಶ್ನೆಗೆ ರಾಯರ ಹತ್ತಿರ ಪರ್ಸೆಂಟು ಇಲ್ಲ. ಹುಡುಗಿಗೆ ‘ಬರುತ್ತೆ ಪುಟ್ಟಾ’ ಎಂದಷ್ಟೇ ಹೇಳಿದರು.

ಪ್ರಯತ್ನ ಪಡಲಿಲ್ಲ ಎನ್ನುವಂತಿಲ್ಲ. ಇಂಟರ್‌ನೆಟ್ ಆರ್ಕೈವಿನಿಂದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್‌ಗಳನ್ನು ಇಳಿಸಿಕೊಂಡು ತುಂಬಿದರು. ಪುಟ ಏನೋ ಬಂತು. ಜೊತೆಗೆ ಗ್ರಂಥಾಲಯದ ಮೊಹರು, ಯಾರೋ ಎಳೆದ ಪೆನ್ಸಿಲ್ ಗೀಟು, ಮೂಲೆಯಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಎಲ್ಲವೂ ಬಂದವು. ಅಕ್ಷರ ಮಾತ್ರ ಇರುವೆಯ ಸಾಲು. ದೊಡ್ಡದು ಮಾಡಿದರೆ ಸಾಲಿನ ಬಾಲ ಪರದೆಯಾಚೆ ಹೋಗುತ್ತದೆ. ಅದನ್ನು ಎಳೆದು ತರುವಷ್ಟರಲ್ಲಿ ಪರದೆ ಒಮ್ಮೆ ಕಪ್ಪಾಗಿ ಬೆಳ್ಳಗಾಗಿ, ತಲೆ ಆಚೆ ಹೋಗಿರುತ್ತದೆ. ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರ ಒಂದು ಪುಟವನ್ನು ಎಡದಿಂದ ಬಲಕ್ಕೆ ಎಳೆದಾಡಿ ರಾಯರಿಗೆ ಆದ ಆಯಾಸ ಅವರಿಗೂ ಆಗಿರಲಿಕ್ಕಿಲ್ಲ.

ತಂಗಿಯ ಮಗ ತಾನು ಬರೆದ ಕಾದಂಬರಿಯ ಕಡತವನ್ನೇ ಮೇಲ್ ಮಾಡಿದ. ನುಡಿ ತಂತ್ರಾಂಶದಲ್ಲಿ ಹಳೆಯ ಕ್ರಮದಲ್ಲಿ ಟೈಪು ಮಾಡಿದ್ದು. ಯೂನಿಕೋಡ್ ಅಲ್ಲದ ಆ ಕಡತ ತೆರೆದಾಗ ಪರದೆಯ ತುಂಬ ಕೊಂಬು, ಕೊಕ್ಕೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು. ರಾಯರು ಕನ್ನಡಕ ಒರೆಸಿಕೊಂಡು ಎರಡು ಪುಟ ನೋಡಿ, ‘ನವ್ಯದ ಪ್ರಭಾವ ಇದೆ’ ಎಂದು ಉತ್ತರ ಬರೆದರು.

ಹಾಗಾಗಿ ಯಂತ್ರದಲ್ಲಿ ಇಂಗ್ಲಿಷು ಮಾತ್ರ ಉಳಿಯಿತು. ಆಯುಷ್ಯವೆಲ್ಲ ಕನ್ನಡ ಕಾದಂಬರಿ ಓದಿದ ಮನುಷ್ಯ, ಈಗ ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ, ಹೂಡಿಕೆ ಮಾಡುವುದು ಹೇಗೆ ಎಂದು ಹೇಳುವ ಇಂಗ್ಲಿಷ್ ಪುಸ್ತಕಗಳನ್ನು ಪರ್ಸೆಂಟಿನಲ್ಲಿ ಮುಗಿಸುತ್ತಿದ್ದಾರೆ. ಐದಕ್ಕೆ ಅವರು ಹೇಗೂ ಏಳುತ್ತಾರೆ, ಪ್ರಾಸ್ಟೇಟ್ ಏಳಿಸುತ್ತದೆ. ನಮ್ಮಲ್ಲಿ ಕಾಗದವೋ ಯಂತ್ರವೋ ಎಂಬ ಜಗಳ ನಿಜವಾಗಿ ಓದಿನ ಜಗಳವೇ ಅಲ್ಲ. ಅಂಗಡಿಯವನು ಕಪಾಟಿನಲ್ಲಿ ಏನಿಟ್ಟಿದ್ದಾನೋ ಅದನ್ನು ಓದುತ್ತೇವೆ. ಕಪಾಟು ಬದಲಾದರೆ ಓದುವ ಭಾಷೆಯೂ ಸದ್ದಿಲ್ಲದೆ ಬದಲಾಗುತ್ತದೆ.

ಕನ್ನಡದ ಇ-ಪುಸ್ತಕ ಬೇರೆ ದಾರಿ ಹಿಡಿದಿದೆ, ಮೊಬೈಲಿನ ದಾರಿ. 2020ರಲ್ಲಿ ಶುರುವಾದ ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡ ಪುಸ್ತಕಗಳನ್ನು ಕೊಂಡು ಓದಬಹುದು, ಕೇಳಲೂಬಹುದು. ಆದರೆ ಬಿಸಿಲಿನ ಬೆಂಚಿನಲ್ಲಿ ಕೂತು ಮೊಬೈಲನ್ನು ಅಷ್ಟು ಬೈದವರು ಅದರಲ್ಲೇ ಕಾದಂಬರಿ ಓದುವುದು ಹೇಗೆ? ಅದಕ್ಕೇ ರಾಯರು ರಾತ್ರಿ ದೀಪ ಆರಿಸಿ, ರಗ್ಗಿನೊಳಗೆ ಮೊಬೈಲು ಹಿಡಿದು ಓದುತ್ತಿದ್ದರು. ಮೊಮ್ಮಗನ ವಯಸ್ಸಿನ ಹುಡುಗರು ಏನೇನೋ ನೋಡುವ ಭಂಗಿಯಲ್ಲಿ ಅಜ್ಜ ಕನ್ನಡ ಸಾಹಿತ್ಯ ಓದುತ್ತಿರುವುದು ಮನೆಯಲ್ಲಿ ಮೊದಲು ಗೊತ್ತಾದದ್ದು ಅವರ ಮನೆಯವರಿಗೆ.

ಆಕೆ ಈ ವಾದದಲ್ಲಿ ಯಾವ ಪಕ್ಷವನ್ನೂ ಸೇರಿದವರಲ್ಲ. ಅವರ ಬಳಿ ಒಂದು ಕಟ್ಟಿದೆ: ಹಳೆಯ ‘ಸುಧಾ’ ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿ, ಕೊನೆಗೆ ಬೈಂಡು ಮಾಡಿಸಿದ್ದು. ಕ್ಯಾಲಿಕೊ ರಟ್ಟು, ಬೆನ್ನಿಗೆ ಮೈದಾ ಅಂಟು. ನಾಯಕ ಊರು ಬಿಟ್ಟು ಹೋಗುವ ಪುಟದ ಹಿಂದೆ ಕೂದಲೆಣ್ಣೆಯ ಜಾಹೀರಾತು. ಒಂದು ವಾರದ ಸಂಚಿಕೆಯನ್ನು ಪಕ್ಕದ ಮನೆಯವರು ಒಯ್ದು ಕಳೆದರಂತೆ. ಆ ಕಂತಿನ ಕಥೆಯನ್ನು ಅವರ ಬಾಯಿಂದಲೇ ಕೇಳಿ, ಗೆರೆ ಹಾಳೆಯಲ್ಲಿ ನೀಲಿ ಶಾಯಿಯಿಂದ ಬರೆದು, ಅದನ್ನೂ ಸೇರಿಸಿ ಹೊಲಿಸಿದ್ದಾರೆ. ಕೊನೆಯಲ್ಲಿ ‘ಇಷ್ಟೇ ನೆನಪಿರುವುದಂತೆ’ ಎಂಬ ಷರಾ ಬೇರೆ.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆಕೆಗೆ ಸಣ್ಣಕ್ಷರ ಕಷ್ಟವಾಯಿತು. ‘ರೀ, ಆ ಮೊಬೈಲು ಇಲ್ಲಿ ಕೊಡಿ’ ಎಂದು ಇಸಿದುಕೊಂಡು, ಪರದೆಗೆ ಏಳೆಂಟು ಸಾಲು ಹಿಡಿಯುವಷ್ಟು ಅಕ್ಷರ ದೊಡ್ಡದು ಮಾಡಿಕೊಂಡು, ಕುಕ್ಕರು ಕೂಗುವ ನಡುವೆ ಓದತೊಡಗಿದರು. ವಾರ ಕಳೆದ ಮೇಲೆ ರಾಯರು ವಿಚಾರಿಸಿದರು.

‘ಎಷ್ಟು ಪರ್ಸೆಂಟ್ ಆಯ್ತೇ?’

‘ಅದೇನೋ ಗೊತ್ತಿಲ್ಲಪ್ಪ. ಮೂರು ಪುಸ್ತಕ ಮುಗೀತು.’

ಅಂದಿನಿಂದ ರಾಯರ ಕೈಗೆ ಮೊಬೈಲು ಸಿಕ್ಕಿಲ್ಲ. ಕನ್ನಡ ಓದಲೇಬೇಕಾದ್ದರಿಂದ ಕಳೆದ ನವೆಂಬರಿನಲ್ಲಿ, ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವಕ್ಕೆಂದು ಅರ್ಧ ಬೆಲೆಗೆ ಕೊಡುವ ಸಮಯ ನೋಡಿ, ಎರಡು ಬಟ್ಟೆ ಚೀಲ ಹಿಡಿದು ಜೆ.ಸಿ. ರಸ್ತೆಯ ಕನ್ನಡ ಭವನಕ್ಕೆ ಹೋದರು. ತುಂಬಿದ ಚೀಲಗಳ ಜೊತೆ ಆಟೋ ಇಳಿಯುವಾಗ ನಾನೇ ಎದುರು ಸಿಕ್ಕೆ. ‘ಐವತ್ತು ಪರ್ಸೆಂಟ್!’ ಎಂದರು. ಈ ಸಲ ಅದು ರಿಯಾಯಿತಿಯ ಲೆಕ್ಕ.

ಯಂತ್ರವನ್ನು ಅವರು ಬಿಟ್ಟಿಲ್ಲ, ವಾದವನ್ನಂತೂ ಬಿಡುವ ಲಕ್ಷಣವೇ ಇಲ್ಲ. ನಿಮ್ಮ ಕಡೆಯ ಪಾರ್ಕಿನಲ್ಲೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬಿಸಿಲಿಗೆ ಹಿಡಿದು ತೋರಿಸುತ್ತೇನೆ ಎಂದರೆ ಬೇಡ ಅನ್ನಬೇಡಿ, ಪೂರ್ತಿ ನೋಡಿ, ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ತೂಕವನ್ನೂ ನೋಡಿ, ಮೆಚ್ಚಿಕೊಳ್ಳಿ. ‘ಇದರಲ್ಲಿ ಕನ್ನಡ ಇದೆಯಾ’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ವಯಸ್ಸಾಗಿದೆ, ಬಿ.ಪಿ. ಬೇರೆ ಇದೆ.