ದಾರಿದ್ರ್ಯಮಾಪನ ಮೀಮಾಂಸೆ

ಹಸಿವು ಹೊಟ್ಟೆಯಲ್ಲಿರುತ್ತದೆ ಎಂಬುದು ಪಾಮರರ ಭ್ರಮೆ. ಅದಿರುವುದು ಕೋಷ್ಟಕದಲ್ಲಿ, ದಶಮಾಂಶ ಬಿಂದುವಿನ ಬಲಗಡೆ. ಈ ಮೂಲತತ್ವದ ಮೇಲೆ ನಿಂತ ಶಾಸ್ತ್ರಕ್ಕೆ ದಾರಿದ್ರ್ಯಮಾಪನವೆಂದು ಹೆಸರು. ಇದರ ಅಧ್ಯಯನಕ್ಕೆ ಬೇಕಾದ ಅರ್ಹತೆಗಳು ಮೂರು: ಅರ್ಥಶಾಸ್ತ್ರದಲ್ಲಿ ಡಾಕ್ಟರೇಟು, ತಣ್ಣನೆಯ ಕೊಠಡಿ, ಹೊತ್ತಿಗೆ ಸರಿಯಾಗಿ ಊಟ. ಭಾರತದ ವಿದ್ವಾಂಸರಲ್ಲಿ ಎಂಟು ಪಂಥಗಳುಂಟು. ಅವನ್ನು ಕ್ರಮವಾಗಿ ನಿರೂಪಿಸುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ.

ಪ್ರಥಮ, ಕಾರಾಗೃಹ ಪಂಥ. ಆದ್ಯ ಆಚಾರ್ಯರು ದಾದಾಭಾಯಿ ನವರೋಜಿ. ಜೈಲಿನ ಕೈದಿಯ ಅನ್ನ-ಬಟ್ಟೆಗೆ ಸರ್ಕಾರ ಮಾಡುವ ಖರ್ಚನ್ನೂ ಕೂಲಿಗಳ ಪಡಿಯನ್ನೂ ಮುಂದಿಟ್ಟುಕೊಂಡು, 1867-68ರ ಬೆಲೆಯಲ್ಲಿ ಒಬ್ಬ ಮನುಷ್ಯ ಜೀವ ಹಿಡಿದುಕೊಳ್ಳಲು ವರ್ಷಕ್ಕೆ ಪ್ರಾಂತ್ಯವಾರು 16ರಿಂದ 35 ರೂಪಾಯಿ ಬೇಕೆಂದು ಅವರು ಲೆಕ್ಕ ಹಾಕಿದರು. ಜೈಲಿನಲ್ಲಿ ಕಳ್ಳನಿಗೆ ಸಿಗುವಷ್ಟು ಕೂಡ ಹೊರಗಿನ ರೈತನಿಗೆ ದಕ್ಕುತ್ತಿಲ್ಲ ಎಂಬುದು ಅವರ ವಾದ. ಅಳತೆಗೋಲನ್ನು ಆಳುವವರ ಬೆನ್ನಿಗೇ ಬೀಸಿದ ಆಚಾರ್ಯರವರು. ಆ ಚಾಳಿ ಶಿಷ್ಯಪರಂಪರೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ.

ದ್ವಿತೀಯ, ಜಠರಾಗ್ನಿ ಪಂಥ. ಬಡವನಲ್ಲ ಎನಿಸಿಕೊಳ್ಳಲು ದಿನಕ್ಕೆ 2250 ಕ್ಯಾಲರಿ ಬೇಕೆಂದು 1971ರಲ್ಲಿ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ಹೇಳಿದರು. 1979ರಲ್ಲಿ ಅಲಘ್ ಅವರ ಕಾರ್ಯಪಡೆ ಹಳ್ಳಿಯವನಿಗೆ 2400, ಪೇಟೆಯವನಿಗೆ 2100 ಎಂದು ಹಂಚಿತು. 1973-74ರ ಬೆಲೆಯಲ್ಲಿ ಹಳ್ಳಿಯ ಬಡತನ ರೇಖೆ ತಿಂಗಳಿಗೆ 49 ರೂಪಾಯಿ 9 ಪೈಸೆ. ಆ 9 ಪೈಸೆಗೆ ವಿದ್ವತ್ ಲೋಕ ತಲೆಬಾಗಬೇಕು. 49 ರೂಪಾಯಿ 8 ಪೈಸೆಯಲ್ಲಿ ತಿಂಗಳು ದೂಡಿದವನು ದರಿದ್ರ. ಇನ್ನೊಂದು ಪೈಸೆಯ ಉಪ್ಪು ತಂದನೋ, ದಾರಿದ್ರ್ಯವಿಮುಕ್ತ. ಮುಂದಿನ ದಶಕಗಳಲ್ಲಿ ಈ ಮೊತ್ತವನ್ನು ಬೆಲೆ ಸೂಚ್ಯಂಕದಿಂದ ಹಿಗ್ಗಿಸುತ್ತ ಹೋದರು. ಹಾಗೆ ಹಿಗ್ಗಿದ ಹಣಕ್ಕೆ 2400 ಕ್ಯಾಲರಿ ಸಿಗುತ್ತದೆಯೇ ಎಂದು ತಿರುಗಿ ನೋಡುವುದು ಮಾತ್ರ ರೂಢಿಯಲ್ಲಿ ಉಳಿಯಲಿಲ್ಲ. ಜಠರ ಹೋಯಿತು, ಅಗ್ನಿ ಉಳಿಯಿತು.

ತೃತೀಯ, ಸ್ಮೃತಿ ಪಂಥ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಬಹುಕಾಲದಿಂದ ‘ಕಳೆದ 30 ದಿನಗಳಲ್ಲಿ ಏನು ತಿಂದಿರಿ, ಎಷ್ಟು ಖರ್ಚಾಯಿತು’ ಎಂದು ಕೇಳುತ್ತಿದ್ದರು. 1990ರ ದಶಕದಲ್ಲಿ ಪ್ರಯೋಗಕ್ಕೆಂದು ಕೆಲವು ಮನೆಗಳಲ್ಲಿ ಊಟದ ಖರ್ಚಿಗೆ ‘ಕಳೆದ 7 ದಿನಗಳಲ್ಲಿ’ ಎಂದು ಕೇಳಿ ನೋಡಿದರು. ಏಳು ದಿನದ ಮಾತು ಚೆನ್ನಾಗಿ ನೆನಪಿರುತ್ತದಲ್ಲ, ಖರ್ಚು ಏರಿತು. ದೇಶದ ಬಡತನ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು! ಒಂದು ಗುಂಟೆ ಜಮೀನು ಹಂಚಲಿಲ್ಲ, ಕೂಲಿ ನಾಲ್ಕಾಣೆ ಹೆಚ್ಚಲಿಲ್ಲ. ಪ್ರಶ್ನೆಯನ್ನು ತಿದ್ದಿದ್ದಷ್ಟೇ. 1999-2000ರಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ನಮೂನೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸಿದರು. ಒಂದರ ಉತ್ತರ ಇನ್ನೊಂದಕ್ಕೆ ಅಂಟಿಕೊಂಡಿತು. ಬಡತನ ಇಳಿದಿದೆಯೋ ಇಲ್ಲವೋ ಎಂದು ಪಂಡಿತರು ವರ್ಷಗಟ್ಟಲೆ ಗುದ್ದಾಡಿದರು.

ಚತುರ್ಥ, ಅಫಿಡವಿಟ್ ಪಂಥ. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗವು ಸುಪ್ರೀಂ ಕೋರ್ಟಿಗೆ ಪ್ರಮಾಣ ಮಾಡಿ ತಿಳಿಸಿತು: ದಿನಕ್ಕೆ ಪೇಟೆಯಲ್ಲಿ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವರು ಬಡವರಲ್ಲ. ಆ ದಿನಗಳ ಪತ್ರಿಕೆಗಳು ಈ 32 ರೂಪಾಯಿಯನ್ನು ಬಿಡಿಸಿ ಹರಡಿದಾಗ ಅದರೊಳಗೆ ಹಣ್ಣಿಗೆಂದು ದಿನಕ್ಕೆ 44 ಪೈಸೆ ಕಂಡಿತು. ಇಲ್ಲೊಂದು ಸೂಕ್ಷ್ಮವುಂಟು. ಅದೇ ವರ್ಷದ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆಯನ್ನು ಸರ್ಕಾರವೇ ನಿಲ್ಲಿಸಿತ್ತು. 44 ಪೈಸೆಯ ಹಣ್ಣು ಯಾವ ಗಾಡಿಯಲ್ಲಿದೆ ಎಂಬ ಮಾತು ಹಾಗಿರಲಿ. ಆ 44 ಪೈಸೆಯನ್ನು ಎಣಿಸಿ ಕೊಡಲು ದೇಶದಲ್ಲಿ ನಾಣ್ಯವೇ ಇರಲಿಲ್ಲ. 2013ರಲ್ಲಿ ರೇಖೆ ಮತ್ತೆ ಚರ್ಚೆಗೆ ಬಂದಾಗ, ಮುಂಬೈಯಲ್ಲಿ 12 ರೂಪಾಯಿಗೆ, ದೆಹಲಿಯಲ್ಲಿ 5 ರೂಪಾಯಿಗೆ ಹೊಟ್ಟೆ ತುಂಬುತ್ತದೆ ಎಂದು ರಾಜಕಾರಣಿಗಳು ಸಾರಿದರು. ಮರುವರ್ಷ ರಂಗರಾಜನ್ ಸಮಿತಿ ಅಳತೆಗೋಲು ಬದಲಿಸಿತು. ಅದೇ 2011-12ರ ಬಡವರು 27 ಕೋಟಿಯಿಂದ 36 ಕೋಟಿಗೇರಿದರು. ಹಾಗೆ ಹೊಸದಾಗಿ ಬಡವರಾದ 9 ಕೋಟಿ ಜನಕ್ಕೆ ಸುದ್ದಿ ಮುಟ್ಟಿಸಿದವರಿಲ್ಲ.

ಐದರಿಂದ ಎಂಟರವರೆಗಿನ ಪಂಥಗಳಲ್ಲಿ ಪ್ರಬಂಧಕಾರರಿಗೆ ಆಸಕ್ತಿ ಉಳಿದಿಲ್ಲ. ಆಯುಷ್ಯ, ವಿದ್ಯೆ, ವರಮಾನ ಮೂರನ್ನೂ ಗುಣಿಸಿ ಘನಮೂಲ ತೆಗೆಯುವ ಮಾನವ ಅಭಿವೃದ್ಧಿ ಸೂಚ್ಯಂಕ ಅಲ್ಲಿ ಬರುತ್ತಿತ್ತು. 1990ರಲ್ಲಿ ಮಹಬೂಬ್ ಉಲ್ ಹಕ್ ಅದನ್ನು ತಂದಾಗ, ಬದುಕನ್ನೆಲ್ಲ ಒಂದೇ ಅಂಕಿಗೆ ಇಳಿಸುವುದು ಒರಟು ಕೆಲಸವೆಂದು ಅಮರ್ತ್ಯ ಸೇನರೇ ಮೊದಮೊದಲು ಒಪ್ಪಿರಲಿಲ್ಲ. 12 ಸೂಚಕಗಳ ನೀತಿ ಆಯೋಗದ ಸೂಚ್ಯಂಕವೂ ಬರುತ್ತಿತ್ತು. ಅದರಲ್ಲಿ ಬ್ಯಾಂಕ್ ಖಾತೆ ಇದ್ದರೆ ಒಂದು ಕೊರತೆ ನೀಗಿದಂತೆ. ಖಾತೆಯೊಳಗೆ ಏನಿದೆ ಎಂದು ಶಾಸ್ತ್ರ ಇಣುಕುವುದಿಲ್ಲ.

ಆಸಕ್ತಿ ಹೋಗಲು ಕಾರಣ ಒಂದು ಹಾಳೆ. 2002ರಲ್ಲಿ ಹಳ್ಳಿಹಳ್ಳಿಗೆ ಹೋದ ಬಿಪಿಎಲ್ (ಬಡತನ ರೇಖೆಗಿಂತ ಕೆಳಗಿನವರ) ಗಣತಿಯ ನಮೂನೆ. 13 ಪ್ರಶ್ನೆ, ಒಂದೊಂದಕ್ಕೆ 0ರಿಂದ 4 ಅಂಕ, ಒಟ್ಟು 52. ಕಡಿಮೆ ಅಂಕ ಬಂದವರು ಬಡವರು. ಯಾವ ರಾಜ್ಯದಲ್ಲಿ ಎಷ್ಟು ಬಡವರಿರಬಹುದು ಎಂಬ ಮಿತಿ ದೆಹಲಿಯಲ್ಲಿ ಮೊದಲೇ ಗೊತ್ತಾಗಿತ್ತು. ಪಾಸಿನ ಗೆರೆಯನ್ನು ಅದಕ್ಕೆ ಹೊಂದಿಸಿ ಎಳೆಯಬೇಕಿತ್ತು. ಎಲೆ ಹಾಕಿ ಮುಗಿದ ಮೇಲೆ ಹಸಿದವರನ್ನು ಎಣಿಸಿದ ಹಾಗೆ.

ಮನೆಯಲ್ಲಿ ತಲೆಗೆ ಎಷ್ಟು ಬಟ್ಟೆ ಎಂದು ಆ ಹಾಳೆ ಕೇಳಿತು. ಎರಡಕ್ಕಿಂತ ಕಡಿಮೆಯಿದ್ದರೆ ಸೊನ್ನೆ. ಹೊರಗಿನವನೊಬ್ಬ ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಒಳಗಿನ ಹೆಂಗಸು ತನ್ನ ಸೀರೆಗಳನ್ನು ಎಣಿಸಿ ಹೇಳಬೇಕು. ಮಕ್ಕಳನ್ನು ಓದಿಸಿದರೆ ಅಂಕ ಏರುತ್ತದೆ, ಬಿಪಿಎಲ್ ಕಾರ್ಡು ದೂರವಾಗುತ್ತದೆ. ಮನೆಗೊಂದು ಸ್ವಂತ ಕಕ್ಕಸು ಕಟ್ಟಿಕೊಂಡರೆ ಪೂರ್ತಿ 4. (ಬಡತನ ರೇಖೆ ಎಳೆಯುತ್ತಿದ್ದ ಯೋಜನಾ ಭವನದ ಎರಡು ಶೌಚಾಲಯಗಳ ನವೀಕರಣಕ್ಕೆ ಸುಮಾರು 35 ಲಕ್ಷ ರೂಪಾಯಿ ಖರ್ಚಾದದ್ದು ಮಾಹಿತಿ ಹಕ್ಕಿನಡಿ 2012ರಲ್ಲಿ ಹೊರಬಿತ್ತು. ಅದಕ್ಕೆಷ್ಟು ಅಂಕ?)

ಊಟದ ಪ್ರಶ್ನೆಯೂ ಇತ್ತು. ವರ್ಷದ ಬಹುಭಾಗ ದಿನಕ್ಕೆ ಒಂದು ಹೊತ್ತಿನ ಊಟವೂ ಪೂರ್ತಿಯಿಲ್ಲದಿದ್ದರೆ 0. ವರ್ಷವಿಡೀ ದಿನಕ್ಕೆ ಒಂದೇ ಹೊತ್ತು ಉಂಡರೆ 2. ನಾಲ್ಕಕ್ಕೆ ಎರಡು! ರಾತ್ರಿ ಮಕ್ಕಳಿಗೆ ನೀರು ಕುಡಿಸಿ ಮಲಗಿಸುವ ಮನೆಗೆ ಶೇಕಡಾ 50 ಅಂಕ. ಇದನ್ನು ಬರೆದವರು ಕೆಟ್ಟವರಿರಲಿಕ್ಕಿಲ್ಲ. ಸಭೆ ಕೂತು, ಚಹಾ ಕುಡಿದು, ಸೊನ್ನೆಗೂ ನಾಲ್ಕಕ್ಕೂ ನಡುವೆ ಮೂರು ಮೆಟ್ಟಿಲು ಬೇಕಲ್ಲ ಎಂದು ತುಂಬಿರಬೇಕು. ಆದರೆ ಆ ಮೆಟ್ಟಿಲಿನ ಮೇಲೆ ಯಾರೋ ತಟ್ಟೆ ಹಿಡಿದು ಕೂತಿದ್ದರಲ್ಲ.

ಹದಿಮೂರನೆಯ ಪ್ರಶ್ನೆ: ಸರ್ಕಾರದಿಂದ ನಿಮಗೆ ಯಾವ ನೆರವು ಬೇಕು? ಕೂಲಿ ಕೆಲಸ ಎಂದರೆ 0. ಮನೆ ಎಂದರೆ 3. ಒಂದೇ ಕೇರಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಗುಡಿಸಲು ಎಂದುಕೊಳ್ಳೋಣ. ಅಕ್ಕ ಕೂಲಿ ಅಂದಳು. ತಂಗಿ ಒಮ್ಮೆ ಸೋರುವ ಸೂರಿನ ಕಡೆ ನೋಡಿ, ಒಂದು ಮನೆ ಅಂದಳು. ಪೆನ್ನು ಹಿಡಿದವನು 3 ಎಂದು ಬರೆದುಕೊಂಡು ಮುಂದಿನ ಬಾಗಿಲಿಗೆ ಹೋದ.