ನನ್ನ ಕಾರಿನ ಹಿಂದಿನ ಮಾಲೀಕರಿಗೊಂದು ಬಹಿರಂಗ ಪತ್ರ



ಆರ್‌ಸಿಯಲ್ಲಿ ನನಗಿಂತ ಮೊದಲಿದ್ದ ಹೆಸರು ನಿಮ್ಮದು. ಅದನ್ನಿಲ್ಲಿ ಬರೆಯುವುದಿಲ್ಲ, ನಿಮ್ಮ ಮರ್ಯಾದೆ ಕಳೆಯುವ ಉದ್ದೇಶ ನನಗಿಲ್ಲ. ನಿಮ್ಮ ಫೋನ್ ನಂಬರ್ ಕೊಡಲು ಡೀಲರ್ ಒಪ್ಪಲಿಲ್ಲ. ಅದೂ ಅಲ್ಲದೆ, ಟರ್ಬೊ ಕಾರಿಗೆ ಕೈಹಾಕಿ ಶಕ್ತಿ ಹೆಚ್ಚಿಸಿಕೊಂಡು, ಮಾರುವಾಗ ಅದರ ಬಗ್ಗೆ ತುಟಿ ಬಿಚ್ಚದವರು ಬೆಂಗಳೂರಿನಲ್ಲಿ ನೀವೊಬ್ಬರೇ ಅಲ್ಲ. ಆದ್ದರಿಂದ ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ.

ಪೋಲೊ ಜಿಟಿ ಟಿಎಸ್‌ಐ ಕಾರು ಭಾರತಕ್ಕೆ 2013ರಲ್ಲಿ ಬಂತು. 1.2 ಲೀಟರಿನ ಪುಟ್ಟ ಎಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2022ರಲ್ಲಿ ಪೋಲೊ ತಯಾರಿಕೆಯೇ ಇಲ್ಲಿ ನಿಂತುಹೋಯಿತು. ಇನ್ನು ಬೇಕೆಂದವರು ಸೆಕೆಂಡ್ ಹ್ಯಾಂಡ್ ಹುಡುಕಬೇಕು. ನನಗೆ ಸಿಕ್ಕಿದ್ದು ನಿಮ್ಮದು. ‘ಪೂರ್ತಿ ಸ್ಟಾಕ್ ಸಾರ್, ಏನೂ ಮುಟ್ಟಿಲ್ಲ’ ಎಂದು ಮಾರಾಟವಾದ ಕಾರು.

ಮೊದಲು ನಿಮಗೊಂದು ಕೃತಜ್ಞತೆ ಹೇಳಬೇಕು. ಗ್ಯಾರೇಜಿನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಒಂದಿಷ್ಟೂ ಕರಿಜಿಡ್ಡು ಕಟ್ಟಿರಲಿಲ್ಲ. ಪೈಪು ಬಿಚ್ಚಿ ಟರ್ಬೊ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿದರೆ ಬೇಡದ ಆಟವೂ ಇರಲಿಲ್ಲ. ಇದು ಸಣ್ಣ ಮಾತಲ್ಲ. ಸೈಲೆನ್ಸರಿನತ್ತ ಹೊರಟ ಬಿಸಿಗಾಳಿ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರ ತಾಜಾ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಆ ದಂಡವನ್ನು ಹಿಡಿದಿರುವುದು ತೆಳ್ಳನೆಯ ಆಯಿಲ್ ಪದರ. ಆಯಿಲ್ ಹಳತಾದರೆ, ಘಾಟಿ ಹತ್ತಿ ಬಂದು ತಕ್ಷಣ ಎಂಜಿನ್ ಆರಿಸಿದರೆ, ಅದು ಬಿಸಿಗೆ ಸುಟ್ಟು ಕರಿಕಟ್ಟಿ ಬೇರಿಂಗನ್ನು ತಿನ್ನುತ್ತದೆ. ಹೊಸ ಟರ್ಬೊಗಳಿಗೆ ಕೂಲಂಟ್‌ನ ತಂಪು ಇದ್ದರೂ, ಕೊನೆಯ ಒಂದೆರಡು ಕಿಲೋಮೀಟರು ಮೆತ್ತಗೆ ಓಡಿಸುವವರ ಟರ್ಬೊ ಉಳಿಯುತ್ತದೆ. ನೀವು ಹಾಗೆ ಓಡಿಸಿದವರು. ಆಯಿಲನ್ನೂ ಕಂಪನಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಿದ್ದೀರಿ ಎಂದು ಆ ಎಂಜಿನ್ ನೋಡಿದ ಮೆಕ್ಯಾನಿಕ್ ಅಂದರು, ನಾನೂ ನಂಬಿದೆ.

ಇಷ್ಟು ಪ್ರೀತಿಯಿಂದ ನೋಡಿಕೊಂಡವರು ಮುಖ್ಯವಾದ ಸಂಗತಿಯನ್ನೇ ಯಾಕೆ ಮುಚ್ಚಿಟ್ಟಿರಿ?

ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಮೊದಲ ಸುಳಿವು ಸಿಕ್ಕಿತು. ಕಂಪನಿಯ ಪ್ಲಗ್‌ಗಳ ಜಾಗದಲ್ಲಿ ಇನ್ನೂ ತಣ್ಣಗಿನ ಹೀಟ್ ರೇಂಜಿನವು, ಗ್ಯಾಪ್ ಕಿರಿದು ಮಾಡಿ ಕೂರಿಸಿದವು. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಹೆಚ್ಚಿಸಿದವರು ಸಾಮಾನ್ಯವಾಗಿ ಹಾಗೆ ಮಾಡುತ್ತಾರೆ. ಸ್ಕ್ಯಾನರ್ ಹಾಕಿ ಓಡಿಸಿ ನೋಡಿದಾಗ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಕೇಳುತ್ತಿದ್ದ ಬೂಸ್ಟ್ ಕಾರ್ಖಾನೆಯ ಲೆಕ್ಕಕ್ಕಿಂತ ಬಹಳ ಮೇಲಿತ್ತು. ಅಂದರೆ ರೀಮ್ಯಾಪ್, ಆ ಕಂಪ್ಯೂಟರಿನ ಫೈಲನ್ನೇ ತಿದ್ದಿ ಬರೆದದ್ದು. ಯಾರ ಫೈಲು, ಯಾವ ಪೆಟ್ರೋಲಿಗೆ ಬರೆದದ್ದು, ಯಾವ ವರ್ಷ? ಒಂದು ಚೀಟಿಯೂ ಇಲ್ಲ.

ಪೆಟ್ರೋಲಿನ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುವುದು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಇಂಟರ್‌ಕೂಲರ್ ಎಷ್ಟು ತಣಿಸಿದರೂ ಪೂರ್ತಿ ತಣಿಯುವುದಿಲ್ಲ. ಆ ಬಿಸಿ ಮತ್ತು ಒತ್ತಡದಲ್ಲಿ ಆಕ್ಟೇನ್ ಕಡಿಮೆಯಿರುವ ಪೆಟ್ರೋಲು ತನ್ನಷ್ಟಕ್ಕೆ ಸಿಡಿಯುತ್ತದೆ. ಅದೇ ನಾಕಿಂಗ್. ಸೆನ್ಸರ್ ಅದನ್ನು ಕೇಳಿಸಿಕೊಂಡರೆ ಇಸಿಯು ಇಗ್ನಿಷನ್ ಹಿಂದಕ್ಕೆ ಎಳೆಯುತ್ತದೆ ನಿಜ, ಆದರೆ ಅದಕ್ಕೂ ಮಿತಿಯಿದೆ. ಎಕ್ಸ್‌ಪಿ 100, ಪವರ್ 99 ಥರದ ದುಬಾರಿ ಪೆಟ್ರೋಲಿಗೆಂದು ಬರೆದ ಮ್ಯಾಪಿನ ಕಾರಿಗೆ, ಏನೂ ಗೊತ್ತಿಲ್ಲದ ಹೊಸ ಮಾಲೀಕ ಹೆದ್ದಾರಿಯ ಬಂಕಿನಲ್ಲಿ ಸಾದಾ ಪೆಟ್ರೋಲು ತುಂಬಿ, ನಾಲ್ಕು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿದರೆ ಪಿಸ್ಟನ್ನಿಗೇ ಪೆಟ್ಟು. ಸಾದಾ ಪೆಟ್ರೋಲಿನಲ್ಲಿ ಇಥೆನಾಲ್ ಶೇ. 20ಕ್ಕೆ ಏರಿರುವಾಗ ಗೊಂದಲ ಇನ್ನೂ ಹೆಚ್ಚು. ಇಥೆನಾಲ್ ನಾಕಿಂಗ್ ತಡೆಯುತ್ತದೆ, ಆದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಡುತ್ತದೆ. ಹಳೆಯ ಪೆಟ್ರೋಲನ್ನು ನೆಚ್ಚಿ ಬರೆದ ಫೈಲು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಷ್ಟು ಇಂಧನ ಕೊಡುತ್ತದೆಂದು ಬರೆದವರನ್ನೇ ಕೇಳಬೇಕು. ಯಾರನ್ನು ಕೇಳಲಿ?

ಟರ್ಬೊ ಬೇಡುವುದನ್ನು ಮಾಲೀಕರು ಕೊಡದಿದ್ದರೆ ಏನಾಗುತ್ತದೆ ಎಂಬುದು ಟರ್ಬೊ ಕಾರಿನ ಚರಿತ್ರೆಯ ಮೊದಲ ಪುಟದಲ್ಲೇ ಇದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಕಾರು ತಂದಿತು. ಮಾರಾಟಕ್ಕೆ ಬಂದ ಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಿಸುತ್ತಿರಬೇಕಿತ್ತು. ಎಷ್ಟೋ ಮಾಲೀಕರು ತುಂಬಿಸಲೇ ಇಲ್ಲ. ಕೊನೆಗೆ ಕಂಪನಿಯೇ ಟರ್ಬೊ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಿಕೊಡಲು ಮುಂದಾಯಿತು. ಅಲ್ಲಿ ತೊಟ್ಟಿ ಕಣ್ಣಿಗೆ ಕಾಣುತ್ತಿತ್ತು. ರೀಮ್ಯಾಪ್ ಕಾಣುವುದೂ ಇಲ್ಲ.

ನಾನು ರೀಮ್ಯಾಪ್ ವಿರೋಧಿಯಲ್ಲ. ಕಾರ್ಖಾನೆಯವರು ಪ್ರತಿ ಎಂಜಿನ್ನಿನಲ್ಲೂ ಒಂದಿಷ್ಟನ್ನು, ಮನೆಯ ಹಿರಿಯರು ಕಷ್ಟಕಾಲಕ್ಕೆಂದು ಎತ್ತಿಟ್ಟ ದುಡ್ಡಿನಂತೆ, ಉಳಿಸಿಟ್ಟಿರುತ್ತಾರೆ. ನಮ್ಮ ಊರಿಗೆ ಅದು ಚೆನ್ನಾಗಿ ಗೊತ್ತಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10 ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಮಾತ್ರ ಇನ್ನಷ್ಟು ವೇಗವಾಗಿ ತಿರುಗಿ ಕೊರತೆ ತುಂಬುತ್ತದೆ, ಅಂದರೆ ಎತ್ತಿಟ್ಟದ್ದರಲ್ಲಿ ಸ್ವಲ್ಪ ಇಲ್ಲಿ ದಿನಾ ಖರ್ಚಾಗುತ್ತಲೇ ಇರುತ್ತದೆ. ಉಳಿದದ್ದನ್ನು ನೀವು ರೀಮ್ಯಾಪಿಗೆ ತೆಗೆದಿರಿ. ಗೇರ್‌ಬಾಕ್ಸಿನದೂ ಇದೇ ಲೆಕ್ಕ. ಈ ಡ್ರೈ ಕ್ಲಚ್ ಡಿಎಸ್‌ಜಿಯ ಮಿತಿ 250 ಎನ್‌ಎಂ. ತೆಗೆಯಬಾರದೆಂದಲ್ಲ. ತೆಗೆದವರು ಬೇಸಿಗೆಯಲ್ಲಿ ಯಾವಾಗ ಕಾಲು ಸಡಿಲಿಸಬೇಕೆಂದು ಬಲ್ಲರು. ಮುಂದೆ ಸ್ಟೀರಿಂಗ್ ಹಿಡಿಯುವವರಿಗೆ ಅದು ಗೊತ್ತಿರುವುದಿಲ್ಲ.

ಮುಚ್ಚಿಟ್ಟದ್ದು ಬೆಲೆ ಇಳಿಯುತ್ತದೆಂದಿರಬಹುದು, ಕಾನೂನಿನ ಭಯಕ್ಕೂ ಇರಬಹುದು. ಭಯಕ್ಕೆ ಕಾರಣವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಜರ್ಮನಿಯಲ್ಲಿ ಬದಲಿಸಿದ ಭಾಗವನ್ನು ಪರಿಣತರು ಪರೀಕ್ಷಿಸಿ ವಾಹನದ ದಾಖಲೆಯಲ್ಲೇ ನಮೂದಿಸುವ ದಾರಿಯಿದೆ. ಅಂಥದ್ದು ನಮ್ಮಲ್ಲೂ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಬಂದರೆ ಸುಳ್ಳು ಹೇಳುವ ಅಗತ್ಯವೇ ಇರದು. ಅದು ಬರುವವರೆಗೆ ವೇಗದ ಆಸೆಗೆ ಕೊಯಮತ್ತೂರಿನ ‘ಕರಿ’ ರೇಸ್ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ಮುಂಜಾನೆಯ ನಂದಿಬೆಟ್ಟದ ರಸ್ತೆ ಅದಕ್ಕಲ್ಲ.

ನಾನು ಕಾರಿಗೆ ಕಂಪನಿಯ ಮೂಲ ಫೈಲನ್ನೇ ವಾಪಸ್ ಹಾಕಿಸಿದೆ. ಬ್ರೇಕ್ ಆಯಿಲ್, ಕೂಲಂಟ್, ಟೈರು ಹೊಸದಾದವು. ಗಟ್ಟಿಯಾಗಿದ್ದ ರಬ್ಬರ್ ಹೋಸುಗಳು ಬದಲಾದವು. ಆಗ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ನಿಮ್ಮ ಮ್ಯಾಪು ಎರಡನೇ ಆಕ್ಸಿಜನ್ ಸೆನ್ಸರಿನ ಬಾಯಿ ಮುಚ್ಚಿಸಿತ್ತು; ಮೂಲ ಫೈಲು ಅದಕ್ಕೆ ಮಾತು ಕೊಟ್ಟಿತು. ಕಾರನ್ನು ಎತ್ತಿ ನೋಡಿದರೆ ಡೌನ್‌ಪೈಪಿನಲ್ಲಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇಲ್ಲ, ಬರೀ ಕೊಳವೆ.

ಇದೊಂದನ್ನು ನಾನು ಒಪ್ಪಲಾರೆ. ಎಂಜಿನ್ ನಿಮ್ಮದು, ರಿಸ್ಕು ನಿಮ್ಮದು. ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರಿನ ಮೇಲೆ ಅಪ್ಪನ ಮುಂದೆ ನಿಂತ ಮಗು ಕುಡಿದ ಹೊಗೆಗೆ ಯಾರು ಹೊಣೆ? ಅದೂ ಒಂದಿಷ್ಟು ಪಿಎಸ್ ಆಸೆಗೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ರೀಮ್ಯಾಪ್ ಮಾಡಿಸಿದ ಬಿಲ್ಲು, ಕ್ಲಚ್ ಬದಲಿಸಿದ್ದರೆ ಅದರ ದಿನಾಂಕ, ಯಾವ ಪೆಟ್ರೋಲು ಹಾಕುತ್ತಿದ್ದಿರಿ ಎಂಬ ಮಾಹಿತಿ, ಇವನ್ನು ಡೀಲರ್ ಹತ್ತಿರ ಬಿಟ್ಟುಹೋಗಿ. ಹೆಸರು ಹೇಳಬೇಕಿಲ್ಲ. ಕ್ಯಾಟ್ ಇರುವ ಹಳೆಯ ಡೌನ್‌ಪೈಪ್ ನಿಮ್ಮ ಅಟ್ಟದ ಮೇಲಿದ್ದರೆ ಬೆಲೆ ಹೇಳಿ, ಕೊಟ್ಟು ಒಯ್ಯುತ್ತೇನೆ. ಗುಜರಿಗೆ ಹಾಕಿದ್ದರೆ ಅದನ್ನಾದರೂ ತಿಳಿಸಿ, ಹೊಸದಕ್ಕೆ ಆರ್ಡರ್ ಕೊಡುತ್ತೇನೆ.

ಇತಿ,
ನಿಮ್ಮ ಕಾರಿನ ಈಗಿನ ಮಾಲೀಕ